ಗಡಿಯಾರದಂಗಡಿಯ ಏಸಿ ಮಹೋದಯರಿಗೆ, ನನ್ನ ತಲೆಹೊಟ್ಟಿನ ವಿಚಾರವಾಗಿ

ಅಂಗಡಿಯ ಪಶ್ಚಿಮದ ಗೋಡೆಯ ಮೇಲೆ ವಿರಾಜಮಾನರಾಗಿರುವ, ಶ್ವೇತವರ್ಣದ, ಶೀತಲ ಹೃದಯದ, ಸದಾ ಗುಣುಗುಟ್ಟುವ ಮಾನ್ಯ ಏಸಿ ಮಹೋದಯರೇ,

ತಮ್ಮ ಬಾಯಿಯ ನೇರ ಕೆಳಗೆ ತಲೆಬಾಗಿ ಕೂತು ಕೈಗಡಿಯಾರ ರಿಪೇರಿ ಮಾಡುತ್ತಿದ್ದವನ ವಿನಯಪೂರ್ವಕ ನಮಸ್ಕಾರಗಳು. ತಲೆಬಾಗಿ ಎಂದದ್ದನ್ನು ತಾವು ಭಕ್ತಿಯೆಂದು ತಿಳಿಯಬಾರದು. ನನ್ನ ಕಸುಬೇ ಅಂಥದ್ದು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೈಯಲ್ಲಿ ಚಿಮುಟ ಹಿಡಿದು, ಇರುವೆಯ ಕಣ್ಣಿನಷ್ಟು ಸಣ್ಣ ತಿರುಪುಗಳ ಮೇಲೆ ಬಾಗಿದವನ ನೆತ್ತಿ ತಾನಾಗಿಯೇ ಮೇಲಿರುವವರಿಗೆ ಅರ್ಪಿತವಾಗಿಬಿಡುತ್ತದೆ. ಮೇಲೆ ಯಾರಿದ್ದಾರೆ ಎಂಬುದು ಅವರವರ ಹಣೆಬರಹ. ನನಗೆ ತಾವಿದ್ದಿರಿ.

ತಾವು ಕ್ಷೇಮವೆಂದೂ ಎಂದಿನಂತೆ ತಣ್ಣಗಿರುವಿರೆಂದೂ ನಂಬುತ್ತೇನೆ. ಇಲ್ಲಿ ನಾನೂ ನನ್ನ ಮನೆಯಾಕೆಯೂ ಕ್ಷೇಮ, ನನ್ನ ನೆತ್ತಿಯೊಂದನ್ನು ಹೊರತುಪಡಿಸಿ. ಈ ವಿಚಾರವನ್ನು ತಮ್ಮ ಕಿವಿಗೆ ಗುಟ್ಟಾಗಿ ಹಾಕಬೇಕೆಂದು ಒಂದು ಮಧ್ಯಾಹ್ನ ಸ್ಟೂಲು ಹತ್ತಿ ನಿಂತು ಮಾತಾಡಿಯೂ ನೋಡಿದೆ. ಆಗ ಒಳಗೆ ಬಂದ ಗಿರಾಕಿಯೊಬ್ಬರು ನನ್ನನ್ನೂ ತಮ್ಮನ್ನೂ ಒಮ್ಮೆ ನೋಡಿ, ಬಂದ ದಾರಿಗೆ ಸುಂಕವಿಲ್ಲವೆಂಬಂತೆ ವಾಪಸ್ ಹೋದರು. ಆದ್ದರಿಂದ ಈ ಬಹಿರಂಗ ಪತ್ರ. ಬಾಗಿಲು, ಕಿಟಕಿ, ಸಂದುಗೊಂದುಗಳೆಲ್ಲ ಮುಚ್ಚಿರುವ ತಮ್ಮ ರಾಜ್ಯದಲ್ಲಿ ಬಹಿರಂಗವಾಗಿ ಉಳಿದಿರುವುದು ಇದೊಂದೇ.

ತಾವು ಬರುವ ಮುಂಚೆ ನಮ್ಮ ಅಂಗಡಿ ಹೇಗಿತ್ತೆಂದು ತಾವು ತಿಳಿದಿರಬೇಕು. ಬೀದಿಯ ಕಡೆಗೆ ಒಂದು ದೊಡ್ಡ ಕಿಟಕಿ. ಅದರ ಪಕ್ಕದಲ್ಲಿ, ಹೋಗಿಬರುವವರನ್ನು ನೋಡುತ್ತಾ ಕೂರಲು ಧಣಿಗಳ ಕುರ್ಚಿ. ಹಿಂದಿನ ಮೂಲೆಯಲ್ಲಿ ನನ್ನ ಮೇಜು ಮತ್ತು ದೀಪ. ಫ್ಯಾನಿಗೆ ನಮ್ಮ ಕಸುಬಿನಲ್ಲಿ ಪ್ರವೇಶವಿಲ್ಲ, ಒಂದು ಸುತ್ತು ಸುತ್ತಿದರೆ ಅರ್ಧ ಗಡಿಯಾರ ಹಾರಿಹೋಗುತ್ತದೆ. ಬೀದಿಯ ಧೂಳು ಮಾತ್ರ ಹೇಳದೆ ಕೇಳದೆ ಬರುತ್ತಿತ್ತು. ಧೂಳೇ ಗಡಿಯಾರದ ಮೃತ್ಯು ಎಂದು ಯಾರೋ ಧಣಿಗಳಿಗೆ ಹೇಳಿದ್ದೇ ತಡ, ತಮ್ಮನ್ನು ಬರಮಾಡಿಕೊಂಡು, ಕಿಟಕಿಯನ್ನು ಅಂಟುಪಟ್ಟಿ ಹಾಕಿ ಮುಚ್ಚಿಸಿ, ಅವರು ಎದೆ ಉಬ್ಬಿಸಿ ನುಡಿದರು: "ಇನ್ಮೇಲೆ ಈ ಅಂಗಡಿಯೊಳಗೆ ಒಂದು ಕಣ ಧೂಳು ಬರಲಿ ನೋಡೋಣ!"

ಅವರ ಮಾತು ಸುಳ್ಳಾಗಲಿಲ್ಲ. ಹೊರಗಿನಿಂದ ಒಂದು ಕಣವೂ ಬರಲಿಲ್ಲ. ಅದರ ಉತ್ಪಾದನೆ ಒಳಗೇ, ನನ್ನ ತಲೆಯ ಮೇಲೇ ಶುರುವಾಯಿತು.

ಗಾಳಿಯನ್ನು ಅತ್ತಿತ್ತ ಹಂಚಲೆಂದು ತಮ್ಮ ಬಾಯಿಗೆ ಕೊಟ್ಟಿರುವ ಪಟ್ಟಿ ಬಂದ ಹೊಸತರಲ್ಲೇ ಸಿಕ್ಕಿಕೊಂಡು, ತಮ್ಮ ಸಮಸ್ತ ಕೃಪೆಯೂ ಬೇರೆಲ್ಲೂ ಪೋಲಾಗದಂತೆ ನನ್ನ ನೆತ್ತಿಗೇ ಸುರಿಯತೊಡಗಿತು. ಮನುಷ್ಯರಲ್ಲಿ ಇಂಥ ಏಕನಿಷ್ಠೆಯನ್ನು ನಾನು ಕಂಡಿಲ್ಲ. ತಮ್ಮನ್ನು ನಿಯಂತ್ರಿಸುವ ರಿಮೋಟು ಧಣಿಗಳ ಅಂಗಿಯ ಜೇಬಿನಲ್ಲಿ, ಅವರ ಹೃದಯಕ್ಕೆ ತೀರ ಹತ್ತಿರದಲ್ಲಿ ಇತ್ತು. ನಾನು ಚಳಿಗೆ ಕಪ್ಪು ಸ್ವೆಟರ್ ಹಾಕಿಕೊಂಡೆ. ಬಣ್ಣದ ಆಯ್ಕೆಯಲ್ಲಿ ಎಡವಿದೆನೆಂಬುದು ಆ ಸಂಜೆ ಮನೆಗೆ ಹೋದಾಗ ತಿಳಿಯಿತು.

ನನ್ನ ಹೆಂಡತಿ ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಊರಿನ ಕೋಟುಗಳ ಹೆಗಲು ನೋಡಿಯೇ ಅದನ್ನು ತೊಟ್ಟವರ ಜಾತಕ ಹೇಳಬಲ್ಲಳು. ಬಾಗಿಲು ತೆಗೆದವಳೇ, "ಏನ್ರೀ ಇದು, ಹಿಟ್ಟಿನ ಗಿರಣೀಲಿ ಕೆಲ್ಸಕ್ಕೆ ಸೇರಿದ್ರಾ?" ಎಂದಳು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನೂ ಮುಟ್ಟಿ ನೋಡಿಕೊಂಡೆ. ಬೆರಳಿಗೆ ಬಿಳಿಯ ಪುಡಿ ಹತ್ತಿತು. ತಲೆ ಕೆರೆದುಕೊಂಡೆ. ಇನ್ನಷ್ಟು ಬಿತ್ತು.

ಕಾರಣವೇನೆಂಬ ವಿಚಾರಣೆ ಅಲ್ಲಿಂದ ಆರಂಭವಾಯಿತು. ಮಹೋದಯರೇ, ತಮ್ಮ ಮೇಲೆ ಆಗ ಯಾರಿಗೂ ಅನುಮಾನವಿರಲಿಲ್ಲವೆಂದು ಪ್ರಮಾಣ ಮಾಡಿ ಹೇಳುತ್ತೇನೆ. ಎಲ್ಲರಿಗೂ ಅನುಮಾನ ನನ್ನ ಮೇಲೆಯೇ.

ಹೆಂಡತಿಯ ತೀರ್ಪು ಕೊಳೆ ಎಂದು. "ಸರಿಯಾಗಿ ಉಜ್ಜಲ್ಲ ನೀವು. ದಿನಾ ಬೆಳಿಗ್ಗೆ ಬಿಸಿಬಿಸಿ ನೀರು, ಚೆನ್ನಾಗಿ ನೊರೆ ಬರೋ ಶಾಂಪೂ" ಎಂದು ಕಟ್ಟಪ್ಪಣೆಯಾಯಿತು. ಕೋಟಿನ ಕಲೆ ತೆಗೆಸಿದ ಅನುಭವ ಅವಳದು, ನನ್ನ ಚರ್ಮಕ್ಕೂ ಉಣ್ಣೆಗೂ ಅವಳು ಭೇದವೆಣಿಸಲಿಲ್ಲ. ದಿನವೂ ತಿಕ್ಕಿ ತಿಕ್ಕಿ ನೆತ್ತಿ ಬಿಗಿದ ಮದ್ದಳೆಯಂತಾಯಿತು. ಹುಬ್ಬು ಎತ್ತಿದರೆ ಹಿಂದಲೆ ಎಳೆಯುತ್ತಿತ್ತು. ಹೊಟ್ಟು ಮಾತ್ರ ಮೊದಲಿಗಿಂತ ನುಣ್ಣಗೆ, ಜರಡಿ ಹಿಡಿದಂತೆ ಉದುರತೊಡಗಿತು.

ಇದನ್ನು ಕಂಡ ನನ್ನಕ್ಕ ಕೆಂಡವಾದಳು. "ನೀರು ಹುಯ್ದು ಹುಯ್ದು ತಲೇನ ಬೆಂಗಾಡು ಮಾಡ್ಕೊಂಡಿದ್ದೀಯಲ್ಲೋ! ಎಣ್ಣೆ ಹಾಕು, ತೊಳೀಲೇಬೇಡ" ಎಂದು ತಾನೇ ಬಂದು ಬಟ್ಟಲುಗಟ್ಟಲೆ ತಟ್ಟಿಹೋದಳು. ಹೊಟ್ಟು ಉದುರುವುದು ನಿಂತಿತು ನಿಜ. ಅದು ಅಲ್ಲಲ್ಲೇ ಅಂಟಿ, ಪದರ ಕಟ್ಟಿ, ಕುಟುಂಬ ಸಮೇತ ನೆಲೆಸಿತು. ತುರಿಕೆ ಎಷ್ಟಾಯಿತೆಂದರೆ ಕೈಯ ಚಿಮುಟ ತನಗೆ ತಾನೇ ತಲೆಯ ಕಡೆ ಹೊರಡುತ್ತಿತ್ತು. ಗಿರಾಕಿಗಳ ಗಡಿಯಾರದ ಗಾಜಿನ ಮೇಲೆಲ್ಲ ನನ್ನ ಹೆಬ್ಬೆರಳಿನ ಎಣ್ಣೆಮುದ್ರೆ.

ಮೂರನೆಯ ನ್ಯಾಯಾಧೀಶರು ಕ್ಷೌರದಂಗಡಿಯವರು. ಅವರು ನನ್ನ ತಲೆಯನ್ನು ಬೆಳಕಿಗೆ ಹಿಡಿದು, ಕಲ್ಲಂಗಡಿ ಆರಿಸುವವರಂತೆ ತಟ್ಟಿ, "ತಪ್ಪು ನಿಮ್ಮ ತಲೇದಲ್ಲ ಸಾರ್, ನಲ್ಲೀದು. ಗಡಸು ನೀರು!" ಎಂದರು. ಇಷ್ಟು ದಿನದಲ್ಲಿ ನನ್ನನ್ನು ಖುಲಾಸೆ ಮಾಡಿದ ಮೊದಲ ಮನುಷ್ಯ. ಆ ಕೃತಜ್ಞತೆಯಲ್ಲಿ ಅವರು ಕೊಟ್ಟ ಹಸಿರು ಸೀಸೆಯ ದ್ರಾವಣವನ್ನು ಕಣ್ಣು ಮುಚ್ಚಿ ಹಚ್ಚಿಕೊಂಡೆ. ಕಣ್ಣು ತೆರೆಯಲು ಆಗಲಿಲ್ಲ, ಅಷ್ಟು ಉರಿ. ಮಾರನೆಯ ದಿನ ಕಿವಿಯ ಹಿಂದೆಲ್ಲ ಕೆಂಪು ಗಂದೆಗಳೆದ್ದು, ಗಾಯದ ಮೇಲೆ ಬರೆ ಎಂಬ ಗಾದೆಗೆ ನಾನೇ ಚಿತ್ರಪಟವಾದೆ.

ಇಷ್ಟೆಲ್ಲ ನಡೆಯುವಾಗ ತಾವು ಮೇಲಿಂದ ಒಂದೇ ಸಮನೆ ಉಸಿರಾಡುತ್ತಿದ್ದಿರಿ. ಗಾಳಿಯಲ್ಲಿದ್ದ ತೇವವನ್ನೆಲ್ಲ ಹೀರಿ ಹಿಂಬದಿಯ ಕೊಳವೆಯಿಂದ ಹೊರಗಿನ ಚರಂಡಿಗೆ ದಾನ ಮಾಡುತ್ತಿದ್ದಿರಿ. ಆ ಚರಂಡಿಯ ಅಂಚಿನಲ್ಲಿ ಹುಲ್ಲು ಹಚ್ಚಗೆ ಬೆಳೆದಿದೆಯೆಂದು ತಮ್ಮ ಅವಗಾಹನೆಗೆ ತರುತ್ತೇನೆ.

ಕೊನೆಗೆ ಧಣಿಗಳ ಕಣ್ಣಿಗೂ ನನ್ನ ಮೇಜಿನ ಹಸಿರು ಬಟ್ಟೆಯ ಮೇಲಿನ ಹಿಮಪಾತ ಬಿತ್ತು. ಅವರ ತಲೆ ಬೋಳು, ಕನ್ನಡಿಯಂತೆ ನುಣುಪು. ಪರರ ಕೂದಲಿನ ಕಷ್ಟ ಅವರಿಗೆ ದೂರದ ಬೆಟ್ಟ. ಅವರು ನನ್ನನ್ನು ಬೈಯಲಿಲ್ಲ. ಸ್ನಾನದ ಮನೆಯಲ್ಲಿ ಹೆಂಗಸರು ಕೂದಲು ನೆನೆಯದಿರಲೆಂದು ಹಾಕುವ ಪ್ಲಾಸ್ಟಿಕ್ ಟೊಪ್ಪಿಗೆ, ಅಂಚಿಗೆ ನೆರಿಗೆ, ಮೇಲೆ ಗುಲಾಬಿ ಹೂವಿನ ಚಿತ್ರ, ಅದೊಂದನ್ನು ತಂದು ನನ್ನ ತಲೆಗೆ ತೊಡಿಸಿದರು. ಗಾಜಿನ ಬಾಗಿಲಿನಾಚೆಯಿಂದ ಮಕ್ಕಳು ಮೂಗು ಒತ್ತಿ ನೋಡುವುದು ಶುರುವಾಯಿತು. ಒಬ್ಬ ಅಜ್ಜ ಬೇಕರಿಯೆಂದುಕೊಂಡು ಒಳಗೆ ಬಂದು, "ಬನ್ನು ಬಿಸಿ ಇದ್ಯಾ?" ಎಂದು ಕೇಳಿದರು. ಟೊಪ್ಪಿಗೆಯೊಳಗೆ ಬೆವರು ಕಟ್ಟಿ ನೆತ್ತಿ ಬೆಂದಿತು. ಹೊರಗೆ ತಮ್ಮ ಗಾಳಿ ಪ್ಲಾಸ್ಟಿಕ್ಕನ್ನು ಪಟಪಟನೆ ಬಡಿಯುತ್ತಿತ್ತು. ತಮಗದು ಚಪ್ಪಾಳೆಯಂತೆ ಕೇಳಿಸಿದ್ದರೆ ಕ್ಷಮೆಯಿರಲಿ.

ಇಂಥ ದಿನಗಳಲ್ಲಿಯೇ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರ ಕೀಲಿ ಕೊಡುವ ಕೈಗಡಿಯಾರ ನನ್ನ ಕೈಯಿಂದ ಸ್ವಚ್ಛವಾಗಿ ಮರಳಿ ಹೋಗಿತ್ತು. ಆ ಗಡಿಯಾರ ನೋಡಿಯೇ ಅವರು ಒಂದು ತಲೆಮಾರಿನ ಮಕ್ಕಳಿಗೆ ಗಂಟೆ ಬಾರಿಸಿದವರು. ಕೆಲವೇ ದಿನಗಳಲ್ಲಿ ಅವರು ಬಾಗಿಲು ತಳ್ಳಿಕೊಂಡು ಬಂದು, ಗಡಿಯಾರವನ್ನು ನನ್ನ ಮೇಜಿನ ಮೇಲೆ ಇಟ್ಟ ರೀತಿಗೆ ಒಳಗಿದ್ದ ಗೋಡೆ ಗಡಿಯಾರಗಳೂ ಬೆಚ್ಚಿದವು.

"ನಿಂತುಹೋಗಿದೆ. ಇದನ್ನ ನಂಬಿ ರೈಲು ತಪ್ಪಿಸ್ಕೊಂಡೆ. ನನ್ನ ತಂಗಿ ಮದುವೆಗೆ ಹೋಗ್ಬೇಕಿತ್ತು ನಾನು."

ಧಣಿಗಳು ಗಾಬರಿಯಿಂದ, "ಅಯ್ಯೋ, ತಂಗಿ ಮದುವೆಗೆ ಅಕ್ಕನೇ ಇಲ್ದಂಗಾಯ್ತಾ?" ಎಂದರು.

"ಮದುವೆ ನೋಡೋಕಲ್ಲ, ನಿಲ್ಸೋಕೆ ಹೊರಟಿದ್ದೆ. ಅರವತ್ತು ದಾಟಿದವಳಿಗೆ ಎಂಥ ಮದುವೆ? ಆ ಮನುಷ್ಯ ಯಾರೋ ಎಂಥವನೋ. ನಾನು ಹೋಗೋ ಹೊತ್ತಿಗೆ ಎಲ್ಲಾ ಮುಗಿದು, ಇಬ್ರೂ ಫೋಟೋಕ್ಕೆ ನಗ್ತಾ ನಿಂತಿದ್ರು."

ನಾನು ಗಡಿಯಾರದ ಬೆನ್ನು ತೆರೆದು ಭೂತಗನ್ನಡಿಯಲ್ಲಿ ನೋಡಿದೆ. ಅತ್ತಿಂದಿತ್ತ ತೂಗುವ ಪುಟ್ಟ ಚಕ್ರದ ಬುಡದಲ್ಲಿ ಒಂದು ಬಿಳಿಯ ಚೂರು ಬಾಗಿಲಿಗೆ ಕೊಟ್ಟ ಕಲ್ಲಿನಂತೆ ನಿಂತಿತ್ತು. ನನ್ನ ಮುಖ ನೋಡಿದ ಧಣಿಗಳು ತಾವೂ ಭೂತಗನ್ನಡಿ ಇಸಿದುಕೊಂಡು ಇಣುಕಿದರು. ಆಮೇಲೆ ನನ್ನ ಗುಲಾಬಿ ಟೊಪ್ಪಿಗೆಯನ್ನು ನೋಡಿದರು. ಗಡಿಯಾರವನ್ನು ಮತ್ತೆ ಶುದ್ಧ ಮಾಡಿಕೊಡುವುದಾಗಿ ಹೇಳಿ ಹೆಡ್‌ಮಿಸ್ಟ್ರೆಸ್ ಅವರನ್ನು ಕಳಿಸಿಕೊಟ್ಟು, ನನ್ನ ಕಡೆ ತಿರುಗಿ, "ಇದೊಂದು ಮುಗಿಸಿಬಿಡಿ. ಆಮೇಲೆ ಕೀಲಿ ಗಡಿಯಾರದ ಸಹವಾಸವೇ ಬೇಡ ನಮಗೆ. ಸೆಲ್ ಹಾಕೋದು, ಬೆಲ್ಟ್ ಬದಲಾಯ್ಸೋದು, ಅಷ್ಟು ಸಾಕು. ಅದಕ್ಕೆ ನೀವೇ ಬೇಕು ಅಂತೇನೂ ಇಲ್ಲ" ಎಂದರು. ಮೆಲ್ಲಗೆ, ಬೇಸರದಿಂದಲೇ ಹೇಳಿದರು. ಅದಕ್ಕೇ ಅದು ಇನ್ನಷ್ಟು ನಾಟಿತು.

ಮಹೋದಯರೇ, ನನಗೆ ಬೇರೆ ಕೆಲಸ ಬಾರದು. ಸತ್ತು ಮಲಗಿದ ಗಡಿಯಾರ ಕೈಯಲ್ಲಿ ಮೆಲ್ಲಗೆ ಮಿಡಿಯತೊಡಗುವ ಆ ಗಳಿಗೆ ಇದೆಯಲ್ಲ, ಅದಕ್ಕಾಗಿಯೇ ನಾನು ಬೆಳಿಗ್ಗೆ ಎದ್ದು ಮನೆ ಬಿಡುವವನು. ತಲೆಯೊಳಗಿನದನ್ನು ನಂಬಿ ಬದುಕಿದವನಿಗೆ ತಲೆ ಮೇಲಿನದು ಹೀಗೆ ಮೋಸ ಮಾಡಿದರೆ ಯಾರಿಗೆ ದೂರುವುದು? ಆ ಸಂಜೆ ಹೆಂಡತಿ ನನ್ನ ಸ್ವೆಟರ್ ಕೊಡವಲಿಲ್ಲ. ಅದನ್ನು ಮಡಿಚಿ ಪಕ್ಕಕ್ಕಿಟ್ಟು, "ನಾವು ನಾವೇ ವೈದ್ಯ ಮಾಡಿದ್ದು ಸಾಕು, ಬನ್ನಿ" ಎಂದು ಚರ್ಮದ ಡಾಕ್ಟರ ಬಳಿ ಕರೆದೊಯ್ದಳು.

ಡಾಕ್ಟರಮ್ಮ ನನ್ನ ತಲೆಯನ್ನು ದೀಪದಡಿಯಲ್ಲಿ ಸಾವಧಾನವಾಗಿ ನೋಡಿದರು. ಏನೇನು ಹಚ್ಚಿದಿರಿ ಎಂದು ಕೇಳಿದರು. ಶಾಂಪೂ, ಎಣ್ಣೆ, ಹಸಿರು ಸೀಸೆ, ಹೂವಿನ ಟೊಪ್ಪಿಗೆ, ಎಲ್ಲ ಹೇಳಿದೆವು. ಅವರು ಪೆನ್ನು ಕೆಳಗಿಟ್ಟರು. "ಇದಿಷ್ಟೂ ಒಂದೇ ತಲೆ ಮೇಲಾ?" ಎಂದರು.

"ಮೂಲ ಕಾರಣ ಯಾವ್ದು ಡಾಕ್ಟ್ರೇ?" ಎಂದು ಹೆಂಡತಿ ಕೇಳಿದಳು. ಅವಳಿಗೆ ತೀರ್ಪು ಬೇಕಿತ್ತು.

"ಒಂದೇ ಕಾರಣ ಇರ್ಬೇಕು ಅಂತ ಯಾರು ಹೇಳಿದ್ದು? ಒಣ ತಣ್ಣನೆ ಗಾಳಿಗೂ ಚರ್ಮ ಒಣಗಿ ಪುಡಿ ಏಳುತ್ತೆ. ಅತಿಯಾಗಿ ತೊಳೆದ್ರೂ ಏಳುತ್ತೆ, ತೊಳೀದೇ ಇದ್ರೂ ಪದರ ಕಟ್ಟುತ್ತೆ. ಎಲ್ಲರ ನೆತ್ತಿ ಮೇಲೂ ಒಂಥರಾ ಶಿಲೀಂಧ್ರ ಇರುತ್ತೆ, ಎಣ್ಣೆ ಅಂದ್ರೆ ಅದಕ್ಕೆ ಹಬ್ಬ. ಹೊಸದೇನಾದ್ರೂ ಹಚ್ಚಿದ್ದು ಒಗ್ಗದೇ ಹೋದ್ರೂ ಹೀಗಾಗುತ್ತೆ, ಕಿವಿ ಹಿಂದೆ ನೋಡಿ. ಕೆಲವರಿಗೆ ಚರ್ಮದ ಬೇರೆ ಕಾಯಿಲೆ ಇರುತ್ತೆ, ನಿಮಗೆ ಅಂಥದ್ದು ಕಾಣ್ತಿಲ್ಲ. ಚಿಂತೆ ಇದನ್ನೆಲ್ಲ ಇನ್ನೂ ಜಾಸ್ತಿ ಮಾಡುತ್ತೆ." ಆಮೇಲೆ ನನ್ನನ್ನೇ ನೋಡಿ ಕೇಳಿದರು: "ಮೊದಲು ಶುರುವಾಗಿದ್ದು ಯಾವಾಗ?"

ನಾನು ಬಾಯಿ ತೆರೆದೆ. ತಮ್ಮ ಹೆಸರು ತಾನಾಗಿಯೇ ಹೊರಬಂತು. ಕ್ಷಮಿಸಬೇಕು, ಚಾಡಿ ಹೇಳುವ ಉದ್ದೇಶವಿರಲಿಲ್ಲ.

ಹಚ್ಚಿಕೊಂಡಿದ್ದನ್ನೆಲ್ಲ ನಿಲ್ಲಿಸಿ, ಅವರು ಬರೆದುಕೊಟ್ಟ ಔಷಧಿಯ ಶಾಂಪೂವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಆಗಾಗ ಬಳಸಿ, ಗಾಳಿಯ ನೇರ ಹೊಡೆತದಿಂದ ದೂರ ಕೂರಬೇಕೆಂದು ಅಪ್ಪಣೆಯಾಯಿತು. ಮೊದಲ ಎರಡು ಸುಲಭ. ಮೂರನೆಯದನ್ನು ಧಣಿಗಳ ಮುಂದಿಟ್ಟಾಗ, ತಾವು ಗೋಡೆ ಬಿಟ್ಟು ಕದಲುವವರಲ್ಲವೆಂದೂ, ಪಟ್ಟಿ ಸರಿಪಡಿಸಲು ಬಂದವರು ಬೇರೇನಾದರೂ ಕೆಡಿಸಿಹೋಗುತ್ತಾರೆಂದೂ, ಬೆಳಕಿರುವ ಇನ್ನೊಂದು ಜಾಗವೆಂದರೆ ಕಿಟಕಿ, ಅಲ್ಲಿ ಅವರದೇ ಕುರ್ಚಿಯಿದೆಯೆಂದೂ ತಿಳಿಸಿದರು. "ಒಂದು ಗಾಳಿಗೆ ಇಷ್ಟೊಂದು ತಲೆ ಕೆಡಿಸ್ಕೋಬಾರ್ದು" ಎಂದೂ ಸೇರಿಸಿದರು. ಕೆಡಲು ಇನ್ನೇನು ಉಳಿದಿತ್ತೋ ಕಾಣೆ.

ಹೆಡ್‌ಮಿಸ್ಟ್ರೆಸ್ ಗಡಿಯಾರ ಒಯ್ಯಲು ಬಂದ ದಿನ ಕೆಲಸ ಇನ್ನೂ ಸ್ವಲ್ಪ ಬಾಕಿಯಿತ್ತು. "ಈ ಸಲ ನನ್ನ ಕಣ್ಣೆದುರೇ ಮುಚ್ಚಿ" ಎಂದು ಸ್ಟೂಲು ಎಳೆದುಕೊಂಡು ನನ್ನ ಪಕ್ಕದಲ್ಲೇ, ತಮ್ಮ ಕೃಪಾಛತ್ರದ ಕೆಳಗೆ ಕೂತರು. ಸ್ವಲ್ಪ ಹೊತ್ತಿಗೆ ಸ್ಕಾರ್ಫನ್ನು ತಲೆಗೆ ಸುತ್ತಿಕೊಂಡರು. ಆಮೇಲೆ ಕಿವಿಗೂ ಸುತ್ತಿಕೊಂಡರು. ಅವರ ಸಿಟ್ಟು ಇನ್ನೂ ಆರಿರಲಿಲ್ಲ, ಆದರೆ ಅದು ಎಲ್ಲೋ ದಾರಿ ತಪ್ಪಿದಂತಿತ್ತು.

"ತಂಗಿ ಫೋನ್ ಮಾಡಿದ್ಲು" ಎಂದು ನನ್ನ ಕೈಯನ್ನೇ ನೋಡುತ್ತಾ ಹೇಳಿದರು. "ಆ ಮನುಷ್ಯ ದಿನಾ ಬೆಳಿಗ್ಗೆ ಎದ್ದು ಅವಳಿಗೆ ಕಾಫಿ ಮಾಡಿಕೊಡ್ತಾನಂತೆ. ಕುಣಿದಾಡ್ತಿದ್ದಾಳೆ. ಇಷ್ಟು ವರ್ಷ ನಾನೂ ಮಾಡಿಕೊಟ್ಟಿದ್ದೀನಿ, ಒಂದಿನ ಕುಣೀಲಿಲ್ಲ." ಸ್ಕಾರ್ಫ್ ಬಿಗಿದುಕೊಂಡು, "ಈಗ್ಲೂ ಕೈ ತಪ್ಪಿ ಎರಡು ಲೋಟಕ್ಕೇ ನೀರಿಡ್ತೀನಿ" ಎಂದರು.

ನಾನು ಚಿಮುಟ ಕೆಳಗಿಟ್ಟು, ನಿಮ್ಮ ಗಡಿಯಾರ ನಿಲ್ಲಿಸಿದ್ದು ಬಹುಶಃ ನನ್ನ ತಲೆಹೊಟ್ಟು ಎಂದೆ. ಧಣಿಗಳು ಇನ್ನೂ ತೆಗೆಯಗೊಡದ ನನ್ನ ಗುಲಾಬಿ ಟೊಪ್ಪಿಗೆಯನ್ನು ಅವರು ಆಗಲೇ ಮೊದಲ ಸಲ ಕಂಡವರಂತೆ ನೋಡಿದರು. ಅದನ್ನು ತೆಗೆಯಲು ಹೇಳಿ, ಕನ್ನಡಕ ಏರಿಸಿ, ತರಗತಿಯ ಮಕ್ಕಳ ತಲೆಯಲ್ಲಿ ಹೇನು ಹುಡುಕಿದ ಹಳೆಯ ಅಧಿಕಾರದಿಂದ ನನ್ನ ನೆತ್ತಿಯನ್ನು ಪರಿಶೀಲಿಸಿದರು. ತಲೆಯೆತ್ತಿ ತಮ್ಮ ಬಾಯಿಯನ್ನು ನೋಡಿದರು. ಮತ್ತೆ ನನ್ನನ್ನು. "ಇದರ ಕೆಳಗೆ ದಿನವಿಡೀ ಕೂರ್ತೀರಾ?"

"ಅಭ್ಯಾಸ ಆಗಿದೆ ಮೇಡಂ."

"ಅಭ್ಯಾಸ ಆಗಿರೋದು ನಿಮಗೆ. ಚರ್ಮಕ್ಕಲ್ಲ." ಕಿಟಕಿಯ ಕಡೆ ತಿರುಗಿ ಅವರು ಕೂಗಿದರು: "ಏ ಗೊಣ್ಣೆ! ಬಾ ಇಲ್ಲಿ!"

ಅಂಗಡಿಯಲ್ಲಿ ಆ ಹೆಸರಿನವರು ಯಾರೂ ಇಲ್ಲವೆಂದು ನಾನು ಹೇಳಹೊರಟೆ. ಅಷ್ಟರಲ್ಲಿ ಧಣಿಗಳು ಎದ್ದು ನಿಂತಿದ್ದರು. ಕೈಗಳು ಬೆನ್ನ ಹಿಂದೆ ಕಟ್ಟಿದ್ದವು. ಅವರು ಆಕೆಯ ಶಾಲೆಯ ವಿದ್ಯಾರ್ಥಿಯಾಗಿದ್ದರೆಂಬುದೂ, ಆಗ ಅವರ ಮೂಗು ವರ್ಷವಿಡೀ ಸೋರುತ್ತಿದ್ದುದರಿಂದ ಈ ಬಿರುದು ಬಂದಿತೆಂಬುದೂ ನನಗೆ ಆಮೇಲೆ ತಿಳಿಯಿತು.

"ಇವರು ನನ್ನ ಗಡಿಯಾರ ಬೆಳಕಲ್ಲಿ ಕೂತು ಮುಗಿಸ್ಲಿ. ಅಲ್ಲೀವರೆಗೂ ನೀನು ಇಲ್ಲಿ ಕೂತ್ಕೋ. ಹ್ಞಾಂ, ಅಲ್ಲೇ. ನೆಟ್ಟಗೆ."

ಮಹೋದಯರೇ, ಚಳಿ ಬಿಡಿಸುವುದು ಎಂಬ ಮಾತನ್ನು ಕೇಳಿದ್ದೆ. ಚಳಿ ಹಿಡಿಸಿ ಬುದ್ಧಿ ಕಲಿಸುವುದನ್ನು ಅಂದು ಕಂಡೆ. ಕೂದಲಿನ ಮರೆಯೂ ಇಲ್ಲದ ಆ ಬೋಳುನೆತ್ತಿಗೆ ತಮ್ಮ ಗಾಳಿ ನೇರವಾಗಿ ತಗುಲಿತು. ಧಣಿಗಳು ಮೊದಲು ಮುಗುಳ್ನಕ್ಕರು. ಆಮೇಲೆ ಕತ್ತು ಭುಜದೊಳಗೆ ಸೇರಿತು. ಆಮೇಲೆ ಒಂದು ಸೀನು, ಅದರ ಹಿಂದೆ ಅದರ ಬಂಧುಬಳಗ. ಗಡಿಯಾರ ಮಿಡಿಯತೊಡಗಿದ್ದನ್ನು ಕೇಳಿಸಿಕೊಂಡು ಹೆಡ್‌ಮಿಸ್ಟ್ರೆಸ್ ಅದನ್ನು ಕೈಗೆ ಕಟ್ಟಿಕೊಂಡರು. "ನೋಡು, ಮೂಗು ಇನ್ನೂ ಹಾಗೇ ಇದೆ" ಎಂದು ಧಣಿಗಳಿಗೆ ತಮ್ಮ ಕರವಸ್ತ್ರವನ್ನೇ ಕೊಟ್ಟರು. ನನಗೆ, "ಈ ಗಡಿಯಾರ ಮತ್ತೆ ಕೆಟ್ರೆ ನಿಮ್ಮ ಹತ್ರನೇ ತರೋದು, ಗೊತ್ತಾಯ್ತಾ?" ಎಂದರು. ಅದು ನನಗೆ ಹೇಳಿದ್ದಲ್ಲವೆಂದು ಮೂವರಿಗೂ ಗೊತ್ತಿತ್ತು. ಬಾಗಿಲ ಬಳಿ ನಿಂತು, ನನ್ನ ಹೆಂಡತಿಯೂ ನಾನೂ ಭಾನುವಾರ ಕಾಫಿಗೆ ಬರಬಹುದೆಂದು, ಆಜ್ಞೆಯ ದನಿಯಲ್ಲೇ ಕೇಳಿಕೊಂಡರು.

ಮರುದಿನ ಧಣಿಗಳು ಬಂದವರೇ ನನ್ನ ಮೇಜಿನ ಒಂದು ತುದಿ ಹಿಡಿದರು. ನಾನು ಇನ್ನೊಂದು ತುದಿ ಹಿಡಿದೆ. ಮೇಜು ಈಗ ಕಿಟಕಿಯ ಪಕ್ಕದಲ್ಲಿದೆ. ಕೀಲಿ ಗಡಿಯಾರ ಬೇಡವೆಂಬ ಮಾತನ್ನು ಅವರು ಮತ್ತೆ ಎತ್ತಿಲ್ಲ, ನಾನೂ ನೆನಪಿಸಿಲ್ಲ. ನನ್ನ ನೆತ್ತಿ ಇನ್ನೂ ಪೂರ್ಣ ಸಜ್ಜನನಾಗಿಲ್ಲ. ಆಗೊಮ್ಮೆ ಈಗೊಮ್ಮೆ ಚೂರು ಉದುರಿಸಿ ತಾನಿದ್ದೇನೆಂದು ತಿಳಿಸುತ್ತದೆ. ಆದರೆ ತುರಿಕೆ ಅಡಗಿದೆ, ಕಿವಿಯ ಹಿಂದಿನ ಕೆಂಪು ಮಾಯ್ದಿದೆ, ಹೆಂಡತಿ ನನ್ನ ಹೆಗಲನ್ನು ಈಗ ಸುಮ್ಮನೆ ಮುಟ್ಟುತ್ತಾಳೆ, ತಪಾಸಣೆಗಲ್ಲ.

ಇನ್ನು ತಮ್ಮಲ್ಲಿ ನನ್ನ ಕೆಲವು ಕೋರಿಕೆಗಳು. ತಾವು ಒಂದು ದಿನದ ಮಟ್ಟಿಗಾದರೂ ಗೋಡೆಯಿಂದಿಳಿದು, ತಲೆಗೂದಲು ಬೆಳೆಸಿಕೊಂಡು, ತಮ್ಮದೇ ಬಾಯಿಯ ಕೆಳಗೆ ಕೂತು ನೋಡಬೇಕು. ಅದು ಅನಾನುಕೂಲವೆನಿಸಿದರೆ ಉಸಿರು ಬಿಡುವ ಬದಲು ಕೆಲವು ಕಾಲ ಬರೀ ಎಳೆದುಕೊಳ್ಳಬೇಕು. ಅದೂ ಆಗದಿದ್ದರೆ, ಚರಂಡಿಗೆ ಬಿಡುತ್ತಿರುವ ತೇವವೆಲ್ಲ ನಮ್ಮದೇ ಆದ್ದರಿಂದ, ಅದರಲ್ಲಿ ನನ್ನ ನೆತ್ತಿಯ ಪಾಲನ್ನು ಸುತ್ತಿ ಕಟ್ಟಿ ಮನೆಗೆ ಕಳಿಸಿಕೊಡಬೇಕು. ಇಷ್ಟರ ಮೇಲೂ ನನ್ನ ಮನಸ್ಸಿನಲ್ಲಿ ಕಹಿಯಿಲ್ಲ. ತಾವು ನನ್ನ ಮೇಲೆ ಉಸಿರಾಡದಿದ್ದರೆ ಗಡಿಯಾರ ನಿಲ್ಲುತ್ತಿರಲಿಲ್ಲ, ರೈಲು ತಪ್ಪುತ್ತಿರಲಿಲ್ಲ, ಒಬ್ಬ ಮುದಿ ಮದುಮಗಳಿಗೆ ಬೆಳಗಿನ ಕಾಫಿ ದಕ್ಕುತ್ತಿರಲಿಲ್ಲ. ಮದುವೆ ದಲ್ಲಾಳಿಗಳೂ ಇಷ್ಟು ತಣ್ಣಗೆ ಕೆಲಸ ಸಾಧಿಸುವುದಿಲ್ಲ.

ತಮ್ಮ ಗಾಳಿ ಸೋಕದಷ್ಟು ದೂರದಿಂದ, ಆ ದೂರವೇ ಆಧಾರವಾಗಿ ಉಳಿದಿರುವ,
ತಮ್ಮ ವಿಶ್ವಾಸಿ,
ಕಿಟಕಿ ಪಕ್ಕದ ಗಡಿಯಾರ ರಿಪೇರಿಯವ

ಮರೆತ ಮಾತು: ಈ ಪತ್ರ ಮುಗಿಸುವ ಹೊತ್ತಿಗೆ ತಮ್ಮ ಪಟ್ಟಿ ಸರಿಪಡಿಸಲು ಕೊನೆಗೂ ಮೆಕ್ಯಾನಿಕ್ ಬಂದಿದ್ದಾರೆ. ಅವರು ತಮ್ಮ ಮುಖದ ಮುಚ್ಚಳ ತೆಗೆದದ್ದೇ, ಒಳಗಿನಿಂದ ಬಿಳಿಯ ಚೂರುಗಳು ಒಮ್ಮೆಗೇ ಧಣಿಗಳ ಕಪ್ಪು ಅಂಗಿಯ ಹೆಗಲಿಗೆ ಬಿದ್ದವು. ಒಳಮೈಯ ಸ್ಪಂಜು ಒಣಗಿ ಹಳೇ ಸುಣ್ಣದಂತೆ ಉದುರುತ್ತಿದೆಯಂತೆ, ಬಹಳ ದಿನದಿಂದ. ಹೆಡ್‌ಮಿಸ್ಟ್ರೆಸ್ ಅವರ ಗಡಿಯಾರದಲ್ಲಿ ಸಿಕ್ಕ ಚೂರು ನನ್ನದೋ ತಮ್ಮದೋ ಎಂದು ಧಣಿಗಳು ಕೇಳುತ್ತಿದ್ದಾರೆ. ಅದನ್ನು ಆಗಲೇ ಊದಿಬಿಟ್ಟೆನಾದ್ದರಿಂದ ನನಗೆ ತಿಳಿಯದು. ಡಾಕ್ಟರಮ್ಮನ ವಿಳಾಸ ಬೇಕಿದ್ದರೆ ತಿಳಿಸುವುದು.